ಹನ್ನೆರಡು ಲೋಟಗಳ ಕಾವಲು

ಪಂಢರಿನಾಥ ಹಂಚಿನಾಳರ ಕೆಲಸ ಲೋಟ ನೋಡುತ್ತ ಕೂರುವುದು. ಹೀಗೆಂದರೆ ನೀವು ನಗುತ್ತೀರಿ. ಅವರ ಹೆಂಡತಿ ಸುಲಭಾ ಕೂಡ ನೆಂಟರ ಮುಂದೆ ಗಂಡನ ಉದ್ಯೋಗ ಹೇಳುವಾಗ "ಕ್ವಾಲಿಟಿಯೊಳಗ ಇದ್ದಾರ" ಎಂದು ಮಾತು ತಿರುಗಿಸಿಬಿಡುತ್ತಾರೆ. ಆದರೆ ಆ ಕೋಣೆಯಲ್ಲಿ ಅವರ ಜೊತೆ ಅರ್ಧ ಗಂಟೆ ಕೂತು ಬಂದವರು ಯಾರೂ ನಗುತ್ತಾ ಹೊರಬಿದ್ದದ್ದನ್ನು ನಾನು ನೋಡಿಲ್ಲ.

ನಮ್ಮ ಕಾರ್ಖಾನೆ ಕಾತ್ರಜದ ಸುರಂಗ ದಾಟಿ ಸಾತಾರಾ ಕಡೆಗೆ ಒಂದಿಷ್ಟು ಹೋದರೆ ಎಡಗಡೆ ಸಿಗುತ್ತದೆ. ಅಲ್ಲಿ ಉಕ್ಕಿನ ತಗಡಿಗೆ ಸತುವಿನ ಲೇಪ ಕೊಡುತ್ತಾರೆ. ನಾನು ಕೊಡುವುದಿಲ್ಲ. ಕೊಟ್ಟದ್ದು ಸರಿಯಾಗಿದೆ ಎಂಬ ಕಾಗದವನ್ನು ಟೈಪು ಮಾಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಗೆ ತಾಗಿದ ಲೋಹವೆಂದರೆ ಸ್ಟೇಪ್ಲರ್ ಪಿನ್ನು, ಅದೂ ಎರಡು ಸಲ ಹೆಬ್ಬೆಟ್ಟಿಗೆ.

ತಗಡಿನ ಪಯಣ ನೋಡುವಂಥದ್ದು. ಕಿಲೋಮೀಟರುಗಟ್ಟಲೆ ಉದ್ದದ ಸುರುಳಿ ಬಿಚ್ಚಿಕೊಂಡು ನಾಲ್ಕು ಮಹಡಿ ಎತ್ತರದ ಕುಲುಮೆಯೊಳಗೆ ಹೋಗುತ್ತದೆ. ಮೇಲೆ ಕೆಳಗೆ ಓಡುತ್ತ ಕೆಂಪಗೆ ಕಾಯುತ್ತದೆ, ತಣಿಯುತ್ತದೆ, ಹೊರಗಿನ ಗಾಳಿಯನ್ನೇ ಕಾಣದೆ ಕರಗಿದ ಸತುವಿನ ಕೊಳದಲ್ಲಿ ಮುಳುಗುತ್ತದೆ. ಎದ್ದು ಬರುವಾಗ ಎರಡು ಕಡೆಯಿಂದ ಚಾಕುವಿನಂಥ ಗಾಳಿ ಬೀಸಿ ಹೆಚ್ಚಾದ ಸತುವನ್ನು ಒರೆಸಿಹಾಕುತ್ತದೆ. ಮೇಲೆ ಉಳಿಯುವುದು ಕೂದಲಿಗಿಂತ ತೆಳುವಾದ ಬೆಳ್ಳಿಬಣ್ಣ.

ಪಂಢರಿನಾಥರು ಹತ್ತೊಂಬತ್ತು ವರ್ಷ ಆ ಕೊಳದ ದಂಡೆಯಲ್ಲಿ ನಿಂತವರು. ಸತುವಿನ ಮೇಲೆ ಹಾಲಿನ ಕೆನೆಯಂತೆ ಕಿಟ್ಟ ಕಟ್ಟುತ್ತದೆ. ಉದ್ದ ಹಿಡಿಯ ಸೌಟಿನಿಂದ ಅದನ್ನು ಬದಿಗೆ ಎಳೆಯುವುದು ಅವರ ಕೆಲಸ. ಎಳೆದ ಕೂಡಲೇ ಒಂದೆರಡು ಕ್ಷಣ ಕೊಳ ಕನ್ನಡಿಯಾಗುತ್ತದೆ, ಆಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಆ ಕ್ಷಣದಲ್ಲಿ ತಮ್ಮ ಮುಖ ಕಾಣುತ್ತದೆಂದೂ, ಆದರೆ ಅದು ಸ್ವಲ್ಪ ತಡವಾಗಿ ಅಲ್ಲಾಡುತ್ತದೆಂದೂ ಅವರು ಒಮ್ಮೆ ಸ್ವಾರಗೇಟಿನಿಂದ ಬರುವ ಕಂಪನಿ ಬಸ್ಸಿನಲ್ಲಿ ನನಗೆ ಹೇಳಿದರು.

"ನಾ ಸರದ ಮ್ಯಾಲೆ ಅದು ಸರೀತದರಿ. ದಿನಾ ಅಲ್ಲ. ಎಂದಾರ ಒಮ್ಮೆ."

ಹಾಸ್ಯ ಬರೆಯುವವನೆಂಬ ಹೆಸರಿರುವ ನಾನು ಇದಕ್ಕೆ ಏನಾದರೂ ಹೇಳಬೇಕಿತ್ತು. ಬದಲಿಗೆ ಮರುದಿನ ಯಾರಿಗೂ ತಿಳಿಯದಂತೆ ಹೋಗಿ ಕೊಳದಲ್ಲಿ ಇಣುಕಿದೆ. ಝಳಕ್ಕೆ ಕನ್ನಡಕ ಮಬ್ಬಾಗಿ ನನ್ನ ಹೊಟ್ಟೆಯೊಂದೇ ಕಂಡಿತು. ಅದು ಯಾವಾಗಲೂ ನನಗಿಂತ ತಡವಾಗಿಯೇ ನಿಲ್ಲುವಂಥದ್ದು.

ನಾಲ್ಕು ವರ್ಷದ ಹಿಂದೆ ಧನುಶ್ರೀ ಎಂಬ ಹುಡುಗಿ ಬಂದರು. ತುಮಕೂರಿನವರು, ಲೋಹಶಾಸ್ತ್ರದಲ್ಲಿ ಡಾಕ್ಟರೇಟು. ಕಂಪನಿ ಅವರಿಗೊಂದು ಲ್ಯಾಬು ಕೊಟ್ಟು ಹೊಸ ತಗಡು ತಯಾರಿಸಿ ಎಂದಿತು. ಕಾರಿನ ಬಾಗಿಲೊಳಗೆ ಅಡ್ಡಲಾಗಿ ಒಂದು ತೊಲೆ ಇರುತ್ತದೆ, ಪಕ್ಕದಿಂದ ಗಾಡಿ ಬಂದು ಗುದ್ದಿದರೆ ಕೂತವರ ಪಕ್ಕೆಲುಬು ಉಳಿಸುವುದು ಅದೇ. ಆ ತೊಲೆಗೆ ತಗಡು ತೆಳ್ಳಗಿರಬೇಕು, ಮಾಮೂಲಿಗಿಂತ ಮೂರು ಪಟ್ಟು ಗಟ್ಟಿ ಇರಬೇಕು, ಅಚ್ಚಿನಲ್ಲಿ ಒತ್ತಿದರೆ ಹೇಳಿದ ಹಾಗೆ ಬಗ್ಗಬೇಕು, ತುಕ್ಕೂ ಹಿಡಿಯಬಾರದು. ಇಂಥ ಗುಣವುಳ್ಳದ್ದನ್ನು ಜನ ಅಳಿಯನಲ್ಲಿ ಹುಡುಕುತ್ತಾರೆ. ಧನುಶ್ರೀ ಉಕ್ಕಿನಲ್ಲಿ ಹುಡುಕಿದರು. ಕೈಕೆಳಗೆ ಅನುಭವಸ್ಥರೊಬ್ಬರು ಬೇಕೆಂದಾಗ, ಬೆನ್ನುನೋವಿನಿಂದ ಕೊಳ ಬಿಟ್ಟಿದ್ದ ಪಂಢರಿನಾಥರನ್ನು ಕೊಟ್ಟರು.

ಮೊದಲನೇ ಟ್ರಯಲ್ಲಿನಲ್ಲಿ ಸತುವು ಅಂಟಲೇ ಇಲ್ಲ. ಗಟ್ಟಿ ಬರಲೆಂದು ಉಕ್ಕಿಗೆ ಹಾಕಿದ ಮ್ಯಾಂಗನೀಸು, ಸಿಲಿಕಾನು ಕುಲುಮೆಯ ಕಾವಿಗೆ ಮೈಮೇಲೆ ಬಂದು ಪೊರೆ ಕಟ್ಟಿದ್ದವು. ತಗಡಿನ ತುಂಬ ಬೋಳು ಕಲೆ. ಪಂಢರಿನಾಥರಿಗೆ ಇದು ಹೊಸದಲ್ಲ. ಬೈಲಹೊಂಗಲದಲ್ಲಿ ಅವರ ಅಪ್ಪನ ಭಾಂಡೆ-ಪಾತ್ರೆಯ ಅಂಗಡಿಯ ಮುಂದೆ ಕಲಾಯಿ ಹಾಕುವವನು ಕೂರುತ್ತಿದ್ದ. ಜಿಡ್ಡಿನ ಪಾತ್ರೆಗೆ ಕಲಾಯಿ ಹಿಡಿಯದಿದ್ದದ್ದನ್ನು ಅವರು ಚಡ್ಡಿ ಹಾಕುವ ವಯಸ್ಸಿಗೇ ಕಂಡಿದ್ದರು. ಕುಲುಮೆಯೊಳಗೆ ಸ್ವಲ್ಪ ಹಬೆ ಬಿಟ್ಟರೆ ಆ ಪೊರೆ ಮೇಲೆ ಬರದೆ ಒಳಗೇ ಉಳಿಯುತ್ತದೆಂದು ಧನುಶ್ರೀ ಲೆಕ್ಕ ಹಾಕಿದರು. ಎಷ್ಟು ಹಬೆ ಎಂಬುದನ್ನು ಪಂಢರಿನಾಥರು ಕಣ್ಣಂದಾಜಿನಲ್ಲಿ ಹೇಳಿದರು. ಮೂರನೇ ಟ್ರಯಲ್ಲಿಗೆ ತಗಡು ಹುಣ್ಣಿಮೆಯಂತೆ ಹೊರಬಂತು.

ಆಮೇಲೆ ಶುರುವಾದದ್ದು ಲೋಟಗಳ ಕಥೆ.

ತಗಡಿನಿಂದ ದುಂಡನೆಯ ಬಿಲ್ಲೆ ಕತ್ತರಿಸಿ, ಯಂತ್ರದಲ್ಲಿ ಒತ್ತಿ ಗಿಡ್ಡ ಲೋಟ ಮಾಡುತ್ತಾರೆ. ಹನ್ನೆರಡು ಲೋಟ. ಅವನ್ನು ಬಿಳಿ ಕಾಗದ ಹಾಸಿದ ಕಪಾಟಿನಲ್ಲಿ ನಂಬರಿನ ಪ್ರಕಾರ ಸಾಲಾಗಿ ಇಟ್ಟು ಹದಿನಾಲ್ಕು ದಿನ ಕಾಯುತ್ತಾರೆ. ಏನೂ ಮಾಡುವಂತಿಲ್ಲ, ಮುಟ್ಟುವಂತಿಲ್ಲ. ಬೆಳಿಗ್ಗೆ ಸಂಜೆ ಭೂತಗನ್ನಡಿ ಹಿಡಿದು ಅಂಚು ನೋಡುವುದು, ರಜಿಸ್ಟರಿನಲ್ಲಿ ಬರೆಯುವುದು, ಅಷ್ಟೇ. ಯಾಕೆಂದರೆ ಈ ಗಟ್ಟಿ ಉಕ್ಕಿಗೆ ಒಂದು ರೋಗವಿದೆ. ಒತ್ತಿದ ದಿನ ಚೆನ್ನಾಗಿರುತ್ತದೆ. ಯಾರೂ ಮುಟ್ಟಿರುವುದಿಲ್ಲ, ಬಿದ್ದಿರುವುದಿಲ್ಲ. ಎರಡೋ ಮೂರೋ ದಿನ ಬಿಟ್ಟು ತಾನಾಗಿಯೇ ಟಕ್ಕೆಂದು ಸೀಳುತ್ತದೆ.

ಜಲಜನಕ ಕಾರಣ ಎಂದು ಧನುಶ್ರೀ ನನಗೆ ವಿವರಿಸಿದ್ದರು. ಎಲ್ಲಕ್ಕಿಂತ ಸಣ್ಣ ಕಣ, ಕುಲುಮೆಯಲ್ಲಿ ಉಕ್ಕಿನೊಳಗೆ ನುಸುಳುತ್ತದೆ, ಮೇಲಿನ ಸತುವು ಮುಚ್ಚಳದಂತೆ ಕೂತು ಹೊರಗೆ ಹೋಗಲು ಬಿಡುವುದಿಲ್ಲ. ಉಕ್ಕು ಎಲ್ಲಿ ಹೆಚ್ಚು ಬಿಗಿದುಕೊಂಡಿದೆಯೋ ಅಲ್ಲಿಗೆ ನಿಧಾನವಾಗಿ ನಡೆದು ಹೋಗಿ ಸೇರುತ್ತದಂತೆ. ಪಂಢರಿನಾಥರು ಅದರ ಹೆಸರು ಹೇಳುತ್ತಿರಲಿಲ್ಲ. "ಒಳಗ ಕುಂತದ್ದು" ಎನ್ನುತ್ತಿದ್ದರು.

ನಾಲ್ಕನೇ ಟ್ರಯಲ್ಲಿನ ಲೋಟಗಳು ಅವರು ಒಬ್ಬರೇ ಕೂತು ರೊಟ್ಟಿ ತಿನ್ನುವಾಗ ಒಂದರ ಹಿಂದೊಂದು ಒಡೆದವು. ಬಟಾಣಿ ಸಿಪ್ಪೆ ಬಿಡಿಸಿದಂತೆ ಮೇಲಿನಿಂದ ಕೆಳಗಿನವರೆಗೆ ಸೀಳು. ಹಿಂದೆ ಯಾರೋ ನಿಂತು ಬೆರಳಿನ ಗೆಣ್ಣು ಮುರಿದಂಥ ಸದ್ದು. ಅವರು ತಿರುಗಿ ನೋಡಿದಾಗ ನಿಲ್ಲುತ್ತಿತ್ತಂತೆ, ರೊಟ್ಟಿಗೆ ಕೈ ಹಾಕಿದರೆ ಮತ್ತೊಂದು. ಅಂದಿನಿಂದ ಆ ಕೋಣೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಒಮ್ಮೆ ನಾನು ಅಲ್ಲಿ ಟಿಫಿನ್ ಡಬ್ಬಿಯ ಮುಚ್ಚಳ ತೆಗೆದೆ. ಮೂವರು ಕುರ್ಚಿ ಬಿಟ್ಟೆದ್ದರು. ಅವರಲ್ಲಿ ಒಬ್ಬ ನಾನೇ.

ಕಳೆದ ವರ್ಷದ ಸೆಪ್ಟೆಂಬರಿನಲ್ಲಿ ಏಳನೇ ಟ್ರಯಲ್ಲು. ಇದು ಕೊನೆಯದೆಂದು ಮೇಲಿನವರು ಹೇಳಿಯಾಗಿತ್ತು. ಇದೂ ಒಡೆದರೆ ಲ್ಯಾಬಿಗೆ ಬೀಗ, ಧನುಶ್ರೀ ಬೇರೆ ಊರಿಗೆ, ಮಾರ್ಚಿನಲ್ಲಿ ನಿವೃತ್ತರಾಗುವ ಪಂಢರಿನಾಥರು ಉಳಿದ ತಿಂಗಳುಗಳಿಗೆ ಪ್ಯಾಕಿಂಗ್ ಶೆಡ್ಡಿಗೆ. ಹದಿನಾಲ್ಕನೇ ದಿನ ಕಾರು ಕಂಪನಿಯವರು ಬರುತ್ತಾರೆ, ಲೋಟ ನೋಡಿದವರ ಸಹಿ ಇರುವ ಕಾಗದ ತೆಗೆದುಕೊಂಡು ಹೋಗುತ್ತಾರೆ. ಅಂದರೆ ಹಂಚಿನಾಳರ ಸಹಿ. ಅದು ಬಿದ್ದರೆ ತಗಡು ಕಾರಿನ ಬಾಗಿಲೊಳಗೆ.

ಒಂಬತ್ತು ದಿನ ಲೋಟಗಳು ಉಸಿರೆತ್ತಲಿಲ್ಲ. ರಜಿಸ್ಟರಿನಲ್ಲಿ ಹದಿನೆಂಟು ಸಲ "ಬಿರುಕಿಲ್ಲ". ಒಂಬತ್ತನೇ ದಿನ ಖಂಡೇನವಮಿ, ಯಂತ್ರಗಳಿಗೆಲ್ಲ ಪೂಜೆಯಾಯಿತು. ಹತ್ತನೇ ದಿನ ದಸರಾ ರಜೆ.

ರಜೆಯಾದರೂ ಲೋಟ ನೋಡಲೇಬೇಕೆಂದು ಪಂಢರಿನಾಥರು ಹೊರಟರು. ಕಂಪನಿ ಬಸ್ಸಿಲ್ಲದ್ದರಿಂದ ನನ್ನ ಸ್ಕೂಟರು ಬೇಕಾಯಿತು. ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವ ಕೆಲಸ ನನ್ನ ಹೆಸರಿಗೆ ಬರುವುದರಲ್ಲಿತ್ತು, ನಾನು ಸಂತೋಷದಿಂದ ಒಪ್ಪಿದೆ.

ಹನ್ನೆರಡರ ಬಿಸಿಲು. ಎಂದೂ ನಿಲ್ಲದ ಲೈನು ಅಂದು ನಿಂತಿತ್ತು. ಸದ್ದಿಗೆ ಒಗ್ಗಿಹೋದ ಕಿವಿಗೆ ಆ ಮೌನ ಹತ್ತಿ ತುರುಕಿದಂತೆ. ಕುಲುಮೆಯ ಬಾಗಿಲಿಗೆ ಕುಂಕುಮದ ಐದು ಬೆರಳು, ಪ್ರೆಸ್ಸಿನ ಕೊರಳಿಗೆ ಬಾಡಿದ ಚೆಂಡುಹೂವು, ರೋಲರಿನ ಕೆಳಗೆ ಸೀಳಿದ ನಿಂಬೆಹಣ್ಣು. ನಿನ್ನೆ ಇವೆಲ್ಲ ಹಬ್ಬದಂತಿದ್ದವು. ಇಂದು, ಜನರಿಲ್ಲದೆ, ಯಾರೋ ಯಾರಿಗೋ ಏನೋ ಒಪ್ಪಿಸಿ ಎದ್ದುಹೋದ ಜಾಗದಂತಿತ್ತು. ನಮ್ಮ ಚಪ್ಪಲಿಯ ಸದ್ದು ನಮಗಿಂತ ಮುಂದೆ ಹೋಗಿ ಗೋಡೆ ಮುಟ್ಟಿ ವಾಪಸು ಬರುತ್ತಿತ್ತು.

ಪಂಢರಿನಾಥರು ಲ್ಯಾಬಿನ ಬೀಗ ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಕಪಾಟಿನ ಮುಂದೆ ನಿಂತರು. ಹನ್ನೆರಡೂ ಇದ್ದವು. ಭೂತಗನ್ನಡಿ ತೆಗೆಯಲು ಖಾನೆ ಎಳೆದರು.

ಟಕ್.

ನಾಲ್ಕನೇ ನಂಬರು. ನಮ್ಮ ಕಣ್ಣೆದುರಿಗೇ ಅಂಚಿನಿಂದ ಒಂದು ಕಪ್ಪು ಗೆರೆ ಇಳಿಯಿತು. ನಾನು ಅವರ ಹಿಂದೆ ಅಡಗಿದೆ. ಅವರು ತೆಳ್ಳಗಿನವರು, ನಾನು ಅಲ್ಲ. ಅಡಗುತಾಣವಾಗಿ ಅವರು ಸಾಲಲಿಲ್ಲ. ಎರಡು ನಿಮಿಷ ಕಳೆದು ಐದನೆಯದು. ಮತ್ತೆ ಎಷ್ಟೋ ಹೊತ್ತು ಏನಿಲ್ಲ. ಕಿಟಕಿಯ ಬಿಸಿಲು ಕಾಗದದ ಮೇಲೆ ಒಂದು ಗೇಣು ಸರಿಯಿತು. ಹೋಗೋಣ ಎಂದು ನಾನು ಬಾಯಿ ತೆರೆದದ್ದೇ ಆರನೆಯದು.

ಆಮೇಲೆ ನಿಂತಿತು. ಉಳಿದ ಒಂಬತ್ತು ಏನೂ ಗೊತ್ತಿಲ್ಲದವರಂತೆ ಕೂತಿದ್ದವು.

ಪಂಢರಿನಾಥರು ಕುರ್ಚಿ ಎಳೆದು ಕೂತರು. ನಾಲ್ಕು ವರ್ಷ ಆ ಮುಖದಲ್ಲಿ ಕಂಡಿದ್ದ ಭರವಸೆ ಆಗ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು ನಾಲ್ಕನೇ ಲೋಟವನ್ನು ಕಿಟಕಿಗೆ ಹಿಡಿದರು. ಐದನ್ನು ಹಿಡಿದರು. ಏಳನ್ನು ಪಕ್ಕದಲ್ಲಿಟ್ಟು ನೋಡಿದರು. ಒಡೆದ ಮೂರು ಉಳಿದವಕ್ಕಿಂತ ಒಂದು ಕೂದಲಿನಷ್ಟು ಬೆಳ್ಳಗಿದ್ದವು. ಮೂಸಿದರು. ಆಮೇಲೆ, ನಾನು ನೋಡುತ್ತಿದ್ದಂತೆಯೇ, ಒಡೆದ ಅಂಚಿಗೆ ನಾಲಿಗೆ ಮುಟ್ಟಿಸಿದರು. ಇವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಘಾಟು ಇಳಿಯಬೇಕಲ್ಲ ಎಂದು ನನಗೆ ಬೆವರು ಬಂತು.

"ಹುಣಸೀಹಣ್ಣರಿ" ಎಂದರು ಅವರು. "ಇವನ್ನ ಯಾರೋ ತಿಕ್ಕ್ಯಾರ."

ಆಗ ನನಗೆ ನೆನಪಾಯಿತು. ನಿನ್ನೆ ಬೆಳಿಗ್ಗೆ ರಂಗೂಬಾಯಿ ನನ್ನ ಮೇಜಿನ ಬಳಿ ಬಂದು ಏನೋ ಕೇಳಿದ್ದಳು. ರಂಗೂಬಾಯಿ ನಮ್ಮ ಲ್ಯಾಬು, ಆಫೀಸು ಗುಡಿಸುವವಳು, ಅಥಣಿ ಕಡೆಯವಳು. ಮೂರು ಲೋಟ ತಗೊಳ್ಳಲೇ ಎಂದಳು. ನಾನು ಪೇಢೆಯ ಪೆಟ್ಟಿಗೆಯ ದಾರ ಬಿಚ್ಚುವುದರಲ್ಲಿದ್ದೆ. ತಲೆ ಎತ್ತದೆಯೇ ಹ್ಞೂಂ ಎಂದಿದ್ದೆ. ಕ್ಯಾಂಟೀನಿನ ಲೋಟ ಎಂದುಕೊಂಡೆ ಎಂದು ಈಗ ಹೇಳಬಹುದು. ನಿಜವೆಂದರೆ ಏನೂ ಅಂದುಕೊಂಡಿರಲಿಲ್ಲ.

ಅವಳ ಮನೆ ಗೇಟಿನಾಚೆಯ ವಸ್ತಿಯಲ್ಲೇ. ಕರೆಸಿದಾಗ ಹೊಸ ಸೀರೆಯಲ್ಲೇ ಓಡಿ ಬಂದಳು. ಒಡೆದ ಲೋಟ ನೋಡಿದ್ದೇ ಬಾಗಿಲಿಗೆ ಬೆನ್ನು ಕೊಟ್ಟು ಕೆಳಗೆ ಕೂತುಬಿಟ್ಟಳು. ನಡೆದದ್ದು ಇಷ್ಟು. ಒಕ್ಕಲಿಗ ಕುಡುಗೋಲಿಡುತ್ತಾನೆ, ಬಡಿಗ ಉಳಿಯಿಡುತ್ತಾನೆ. ಈ ಲ್ಯಾಬಿನಲ್ಲಿ ತಯಾರಾಗುವುದು ಲೋಟ, ಹಾಗಾದರೆ ನವಮಿಯ ದಿನ ದೇವಿಯ ಮುಂದೆ ಲೋಟವನ್ನೇ ಇಡಬೇಕಲ್ಲವೇ ಎಂಬುದು ಅವಳ ಯೋಚನೆ. ಒಂದರಲ್ಲಿ ನೀರು, ಒಂದರಲ್ಲಿ ಅಕ್ಷತೆ, ಒಂದರಲ್ಲಿ ಹೂವು. ತೊಳೆಯದ ಪಾತ್ರೆ ದೇವಿಗೆ ಇಡಲು ಬರುವುದಿಲ್ಲ. ಅದಕ್ಕೇ ಹುಣಸೆಹಣ್ಣು, ಉಪ್ಪು ಹಾಕಿ, ಅಂಚು ಬಿಡದೆ ತಿಕ್ಕಿದ್ದಳು. ಸಂಜೆ ಒರೆಸಿ, ನಂಬರು ನೋಡಿ, ಎಲ್ಲಿಂದ ತೆಗೆದಿದ್ದಳೋ ಅಲ್ಲೇ ಇಟ್ಟಿದ್ದಳು. ಯಾರ ಅಪ್ಪಣೆ ಕೇಳಿದೆ ಎಂದು ಪಂಢರಿನಾಥರು ಕೇಳಿದಾಗ ಅವಳು ನನ್ನ ಕಡೆ ನೋಡಲಿಲ್ಲ. ನೆಲ ನೋಡಿದಳು. ಅದು ಇನ್ನೂ ಕಷ್ಟವಾಯಿತು. ನಾನೇ ಎಂದು ನಾನೇ ಹೇಳಬೇಕಾಯಿತು.

ಪಂಢರಿನಾಥರು ನನ್ನನ್ನು ಬೈಯಲಿಲ್ಲ. ಅವಳನ್ನೂ ಬೈಯಲಿಲ್ಲ. "ಎಷ್ಟೊತ್ತು ತಿಕ್ಕಿದಿ? ಎಷ್ಟು ಹುಣಸೀಹಣ್ಣು?" ಎಂದು ಕೇಳಿ ಬರೆದುಕೊಂಡರು.

ಫೋನಿನಲ್ಲಿ ಧನುಶ್ರೀಗೆ ಹೇಳಿದೆವು. ಅವರು ನಕ್ಕರು, ಅಳು ತಪ್ಪಿಸಿಕೊಂಡವರ ನಗು. ಹುಳಿಯೂ ಉಪ್ಪೂ ಸತುವಿಗೆ ತಾಗಿದರೆ ಜಲಜನಕ ಹುಟ್ಟುತ್ತದೆ, ಲೋಟದ ಕತ್ತರಿಸಿದ ಅಂಚಿಗೆ ಸತುವಿಲ್ಲ, ಅಲ್ಲಿಂದ ಒಳಹೊಕ್ಕಿದೆ. ಅಂದರೆ ತಗಡಿನ ತಪ್ಪಲ್ಲ. ಆ ಮೂರನ್ನು ತೆಗೆದುಹಾಕಿ ಒಂಬತ್ತು ಲೋಟಗಳ ವರದಿ ಬರೆಯಿರಿ ಎಂದರು. ನಾನು ಆ ರಾತ್ರಿಯೇ ಬರೆದೆ. ನನ್ನ ಜೀವಮಾನದ ಅತ್ಯುತ್ತಮ ಗದ್ಯ. ಅದರಲ್ಲಿ ಮೂರು ಲೋಟ ಹುಟ್ಟಿಯೇ ಇರಲಿಲ್ಲ.

ಪಂಢರಿನಾಥರು ಅದನ್ನು ಮರುದಿನ ಶುಕ್ರವಾರ ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. ಸಹಿ ಮಾಡಲಿಲ್ಲ. ಶನಿವಾರವೂ ಇಲ್ಲ. ಧನುಶ್ರೀ ಕೊನೆಗೆ ಅವರ ಎದುರು ಕುರ್ಚಿ ಹಾಕಿಕೊಂಡು ಕೂತರು.

"ಸರ್, ಕಾರಿಗೆ ಯಾರೂ ಹುಣಸೆಹಣ್ಣು ಹಾಕಿ ತಿಕ್ಕಲ್ಲ ಸರ್."

"ತಿಕ್ಕೂದಿಲ್ಲರಿ ಮೇಡಂ. ಆದ್ರ ಮಳಿ ಬರ್ತದ. ಕೊಂಕಣದಾಗ ಸಮುದ್ರದ ಗಾಳಿ ಬೀಸ್ತದ. ಬಾಗಲದ ಒಳಗ ರಾಡಿ ಕೂಡ್ತದ, ನಾಕು ವರ್ಷ, ಐದು ವರ್ಷ. ಒಳಗ ಹೋಗೂ ದಾರಿ ಅದಕ್ಕ ಗೊತ್ತಾಗೇದರಿ."

"ಆ ಟೆಸ್ಟ್ ನಮ್ಮ ಸ್ಪೆಕ್‌ನಲ್ಲೇ ಇಲ್ಲ ಸರ್. ನಾಲ್ಕು ವರ್ಷ ಆಯ್ತು. ಪ್ಲೀಸ್."

ಪಂಢರಿನಾಥರು ಮಗಳ ವಯಸ್ಸಿನವಳ ಮುಖ ನೋಡಲಾರದೆ ಕಪಾಟಿನ ಕಡೆ ತಿರುಗಿ ಕೂತರು. ಸಹಿ ಮಾಡಿಬಿಡಲಿ ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಯಾಕೆಂದರೆ ಮೂರು ಲೋಟ ವರದಿಯಲ್ಲಿ ಬಂದರೆ ಪೇಢೆಯೂ ಬರುತ್ತದೆ.

ಭಾನುವಾರ ಬೆಳಿಗ್ಗೆ ಅವರು ರಂಗೂಬಾಯಿಯನ್ನು ಲ್ಯಾಬಿಗೆ ಕರೆಸಿದರು. ಮುಟ್ಟಬೇಡಿ ಎಂದು ಧನುಶ್ರೀ ಹೇಳಿದ್ದ ಒಂಬತ್ತರಲ್ಲಿ ಏಳನೇ ನಂಬರು ತೆಗೆದು ಅವಳ ಕೈಗೆ ಕೊಟ್ಟು, ನವಮಿಯಂದು ಹೇಗೆ ತಿಕ್ಕಿದ್ದೆಯೋ ಹಾಗೇ ತಿಕ್ಕು ಎಂದರು. ಅವಳು ಒಲ್ಲೆ ಎಂದಳು. "ಇದರೊಳಗ ಏನೈತ್ರಿ ಸಾಹೇಬ್ರ?" ಎಂದು ಕೇಳಿದಳು. ಪಂಢರಿನಾಥರು ಯೋಚಿಸಿ, ಇನ್ನೂ ಏನೂ ಇಲ್ಲ ಎಂದರು. ಅವಳು ತಿಕ್ಕಿದಳು, ಸೆರಗಿನಿಂದ ಕೈ ಒರೆಸಿಕೊಂಡವಳು ಮತ್ತೆ ಮತ್ತೆ ಒರೆಸಿಕೊಂಡಳು.

ಸೋಮವಾರ ಕಾರು ಕಂಪನಿಯಿಂದ ಇಬ್ಬರು ಬಂದರು. ಹಿರಿಯವರು ನರೆತ ಮೀಸೆಯ ಮರಾಠಿಯವರು, ಮಿತಭಾಷಿ. ಮೀಟಿಂಗ್ ರೂಮಿನಲ್ಲಿ ಧನುಶ್ರೀ ಪರದೆಯ ಮೇಲೆ ಗ್ರಾಫು ತೋರಿಸಿದರು. ಸರದಿ ಬಂದಾಗ ಪಂಢರಿನಾಥರು ನನ್ನ ಅತ್ಯುತ್ತಮ ಗದ್ಯವನ್ನು ಜೇಬಿನಿಂದ ತೆಗೆದು, ಅದರಲ್ಲಿ ಒಂಬತ್ತು ಎಂದಿದ್ದಲ್ಲೆಲ್ಲ ಪೆನ್ನಿನಿಂದ ಹೊಡೆದು ಹನ್ನೆರಡು ಎಂದು ಬರೆದದ್ದನ್ನು ಮುಂದಿಟ್ಟರು. ಕೆಳಗೆ ಹುಣಸೆಹಣ್ಣಿನ ಪ್ರಮಾಣ ಬರೆದಿತ್ತು. ಬಾಗಿಲಿನ ತೊಲೆಗೆ ಯೋಗ್ಯ ಎಂಬ ಸಾಲಿನ ಎದುರು ಸಹಿಯ ಜಾಗ ಖಾಲಿ. ಜೊತೆಗೆ ಕೈಚೀಲದಿಂದ ಏಳನೇ ಲೋಟ ತೆಗೆದು ಕಾಗದದ ಮೇಲಿಟ್ಟರು. ನಿನ್ನೆ ತಿಕ್ಕಿಸಿದ್ದು ಎಂದು ಹೇಳಿ ಕೂತರು.

ಆಮೇಲೆ ಎಲ್ಲರೂ ಲೋಟ ನೋಡಿದೆವು. ನಗುತ್ತಲೇ ಶುರುವಾಯಿತು. ಹತ್ತು ನಿಮಿಷಕ್ಕೆ ನಗು ನಿಂತಿತು. ಏಸಿಯ ಗುಂಯ್ ಸದ್ದು ಬಿಟ್ಟರೆ ಏನೂ ಇಲ್ಲ. ಕಿರಿಯ ಎಂಜಿನಿಯರು ಚಹಾ ಬಸಿಯನ್ನು ಮೇಜಿಗೆ ಮುಟ್ಟಿಸಲು ಹೆದರಿ ಕೈಯಲ್ಲೇ ಹಿಡಿದುಕೊಂಡಿದ್ದ. ನಾನು ಎದುರಿನವರ ಮುಖ ಲೋಟದ ಬದಿಯಲ್ಲಿ ಸೊಟ್ಟಗೆ ಕಾಣುವುದನ್ನು ನೋಡುತ್ತಿದ್ದೆ. ಅವರು ತಲೆ ಅಲ್ಲಾಡಿಸಿದಾಗ ಅದೂ ಅಲ್ಲಾಡುತ್ತಿತ್ತು, ಸ್ವಲ್ಪ ತಡವಾಯಿತೇ ಎಂಬ ಸಂಶಯ ಬಂದದ್ದೇ ನೋಡುವುದನ್ನು ಬಿಟ್ಟೆ. ಒಂದು ಗಂಟೆ ಕಳೆಯಿತು. ಊಟ ಮುಗಿಸಿ ಬಂದೆವು. ಲೋಟ ಹಾಗೇ ಇತ್ತು.

ಧನುಶ್ರೀ ಮುಖದಲ್ಲಿ ಬಣ್ಣ ವಾಪಸು ಬರುತ್ತಿತ್ತು. ಹಿರಿಯವರು ಲೋಟವನ್ನು ಎತ್ತಿ ತಿರುಗಿಸಿ ನೋಡಿದರು. ಇದು ಒಡೆಯಲಿಲ್ಲವಲ್ಲ, ಈಗ ಸಹಿ ಮಾಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು. ಪಂಢರಿನಾಥರು ಇಲ್ಲ ಎಂದರು. ಒಡೆದಿಲ್ಲ ಎಂದರೆ ಒಳಗಿಲ್ಲ ಎಂದಲ್ಲ ಎಂದರು. ಅವರ ಧ್ವನಿ ಎಂದಿಗಿಂತ ಸಣ್ಣಗಿತ್ತು. ಅವರಿಗೇ ತಮ್ಮ ಮೇಲೆ ಸಂಶಯ ಹುಟ್ಟಿದೆಯೆಂದು ಸ್ಪಷ್ಟವಾಗಿ ಕಾಣುತ್ತಿತ್ತು. ಹಿರಿಯವರು ಸಹಿ ಬೇರೆಯವರದ್ದಾದರೂ ನಡೆಯುತ್ತದೆ, ಎರಡು ದಿನದಲ್ಲಿ ತಿಳಿಸುತ್ತೇವೆ ಎಂದು ಎದ್ದರು. ಕುತೂಹಲಕ್ಕೆಂದು ಲೋಟವನ್ನು ತಮ್ಮ ಲ್ಯಾಪ್‌ಟಾಪಿನ ಚೀಲಕ್ಕೆ ಹಾಕಿಕೊಂಡರು.

ಅವರ ಗಾಡಿ ಹೋದ ಮೇಲೆ ಲ್ಯಾಬಿಗೆ ಬಂದೆವು. ಧನುಶ್ರೀ ಎಂಟು ಲೋಟಗಳಿಗೆ ಬೆನ್ನು ಹಾಕಿ ಕಂಪ್ಯೂಟರು ನೋಡುತ್ತಿದ್ದರು. ತಾವೇ ಸಹಿ ಮಾಡಲು ಅವರಿಗೆ ಅಧಿಕಾರವಿತ್ತು. ಕಾಗದ ಅವರ ಕೈಯ ಪಕ್ಕದಲ್ಲೇ ಇತ್ತು. ಪೆನ್ನಿನ ಮುಚ್ಚಳ ತೆಗೆದಿದ್ದರು. ಪಂಢರಿನಾಥರು ತಮ್ಮ ಖಾನೆಯಲ್ಲಿದ್ದ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದರು.

ಮೂರು ಗಂಟೆಯ ಸುಮಾರಿಗೆ ಧನುಶ್ರೀಗೆ ಫೋನು ಬಂತು. ಕೇಳಿಸಿಕೊಂಡು, ಸ್ಪೀಕರ್ ಹಾಕಿ ಪಂಢರಿನಾಥರ ಮುಂದಿಟ್ಟರು. ಹಿರಿಯವರ ದನಿ. ಕಾತ್ರಜದ ಸುರಂಗದೊಳಗೆ ಇದ್ದೆವು, ಗಾಡಿ ಸಾವಕಾಶ ಹೋಗುತ್ತಿತ್ತು, ಚೀಲ ತೊಡೆಯ ಮೇಲಿತ್ತು ಎಂದರು. ಕತ್ತಲಲ್ಲಿ ಟಕ್ಕೆಂದಿತು, ಸದ್ದು ಬಾಗಿಲ ಕಡೆಯಿಂದ ಬಂದಂತಾಯಿತು, ಚೀಲ ತೆರೆದರೆ ಲೋಟ ಸೀಳಿತ್ತು ಎಂದರು. ಆಮೇಲೆ, ಬಾಗಿಲಿಗೆ ಈ ತಗಡು ಬೇಡ, ಇದನ್ನು ತಡೆಯುವಂಥದ್ದು ಮಾಡಿ, ಎಂಟನೇ ಟ್ರಯಲ್ಲಿಗೆ ನಾನು ನಿಮ್ಮ ಮೇಲಿನವರ ಹತ್ತಿರ ಮಾತಾಡುತ್ತೇನೆ, ಹುಣಸೆಹಣ್ಣಿನ ಟೆಸ್ಟು ಮಾತ್ರ ಹಂಚಿನಾಳರೇ ಮಾಡಬೇಕು ಎಂದರು.

ಧನುಶ್ರೀ ಪೆನ್ನಿಗೆ ಮುಚ್ಚಳ ಹಾಕಿದರು. ಪಂಢರಿನಾಥರು ರಜಿಸ್ಟರು ತೆರೆದು ಹೊತ್ತು ಎಷ್ಟಾಗಿತ್ತು, ಬಿರುಕು ಅಂಚಿನಿಂದ ಎಷ್ಟು ಕೆಳಗೆ ಇಳಿದಿದೆ ಎಂದು ಕೇಳಿ ಬರೆದುಕೊಂಡರು. ಗೆದ್ದವರಂತೆ ಕಾಣಲಿಲ್ಲ. ಫೋನು ಇಡುವ ಮುಂಚೆ ಏನೋ ನೆನಪಾದವರಂತೆ ಬಗ್ಗಿ, ಅದು ಒಂದೇ ಸಲಕ್ಕೆ ನಿಲ್ಲುವುದಿಲ್ಲ, ಇನ್ನೊಂದು ಸೀಳು ಬಾಕಿ ಇರುತ್ತದೆ, ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ ಎಂದು ಮೆಲ್ಲಗೆ ಮರಾಠಿಯಲ್ಲಿ ಹೇಳಿದರು.

ಆ ಕಡೆಯಿಂದ ಗಾಡಿ ಬದಿಗೆ ನಿಂತ ಸದ್ದು ಬಂತು, ಬಾಗಿಲು ತೆರೆದ ಸದ್ದು ಬಂತು, ಆಮೇಲೆ ಹೈವೇಯ ಗಾಳಿ.